ಪಡ್ಡಿನ ಹಂಚಿನಲ್ಲಿ ಸಮೀಕರಣ: ನಾಲ್ಕು ಭಾನುವಾರಗಳ ಲೆಕ್ಕ

ಮೊದಲ ಭಾನುವಾರ

ಅಕ್ಕನ ಮಗಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ರಾಸಾಯನಿಕ ಸಮೀಕರಣ ಸರಿದೂಗಿಸುವ ಜಾಗದಲ್ಲೇ ಗಾಡಿ ನಿಂತಿದೆ. ಬಾಯಲ್ಲಿ ಹೇಳಿ ಹೇಳಿ ನನಗೂ ಸಾಕಾಗಿತ್ತು. ಬಸವನಗುಡಿ ಪರಿಷೆಯಿಂದ ತಂದ ಕಡಲೆಕಾಯಿ ಮನೆಯಲ್ಲಿತ್ತು, ಅದನ್ನೇ ಹರಡಿಕೊಂಡು ಕೂತೆವು. ಎರಡು ಬೀಜದ ಒಂದು ಕಾಯಿ ಅಂದರೆ ಆಮ್ಲಜನಕದ ಒಂದು ಅಣು. ಜಲಜನಕಕ್ಕೆ ಸಾಸಿವೆ, ಇಂಗಾಲಕ್ಕೆ ಕರಿ ಉದ್ದು, ಕಬ್ಬಿಣಕ್ಕೆ ಹುಣಸೆಬೀಜ; ಒಂದು ಕಾಳು ಅಂದರೆ ಒಂದು ಪರಮಾಣು. ಪಡ್ಡಿನ ಹಂಚಿನ ಒಂದೊಂದು ಕುಳಿಯಲ್ಲಿ ಒಂದೊಂದು ಅಣು. ಎಡಕ್ಕೆ ನಮ್ಮ ಹಂಚು, ಬಲಕ್ಕೆ ಪಕ್ಕದ ಮನೆಯದು, ನಡುವೆ ಬಾಣದ ಗುರುತಿನ ಬದಲು ಸೌಟು. ಎಡಗಡೆಯ ಕಾಳೆಲ್ಲ ಬಲಕ್ಕೆ ಹೋಗಬೇಕು, ಒಂದೂ ಉಳಿಯಬಾರದು, ಹೊಸದು ಸೇರಬಾರದು.

ಮೊದಲು ನೀರು. ಎರಡು ಸಾಸಿವೆ, ಒಂದು ಕಾಯಿ. ಹುಡುಗಿ ಕಾಯಿ ಒಡೆದು ಎರಡೂ ಬೀಜವನ್ನು ಸಾಸಿವೆಯ ಜೊತೆ ಒಂದೇ ಕುಳಿಗೆ ಹಾಕಿ "ಆಯ್ತು" ಅಂದಳು. ಎಣಿಕೆ ಸರಿಯೇ. ಆದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಗಾಯಕ್ಕೆ ಹಾಕಿದರೆ ಬುಸಬುಸನೆ ನೊರೆ ಏಳುತ್ತದಲ್ಲ, ಅದು. ನೋಟ್‌ಬುಕ್ಕಿನಲ್ಲೂ ಅವಳು ಮಾಡುತ್ತಿದ್ದ ತಪ್ಪು ಇದೇ: ಲೆಕ್ಕ ಕೂಡಲಿಲ್ಲವೆಂದರೆ ಕೆಳಗೊಂದು ಪುಟ್ಟ 2 ಗೀಚುವುದು. ಹಂಚಿನಲ್ಲಿ ಆ ಕಳ್ಳಾಟ ಕಣ್ಣಿಗೇ ಕಾಣುತ್ತದೆ. ನೀರಿನ ಕುಳಿಗೆ ಒಂದೇ ಬೀಜ. ಇನ್ನೊಂದಕ್ಕೆ ಇನ್ನೊಂದು ಕುಳಿ, ಆ ಕುಳಿಗೆ ಇನ್ನೆರಡು ಸಾಸಿವೆ.

ಸಾಸಿವೆ ಮಾತ್ರ ದಂಡ. ಊದಿದರೆ ಉರುಳುತ್ತದೆ. ಮುಂದಿನ ವಾರದಿಂದ ಹೆಸರುಕಾಳು.

ಎರಡನೆಯದು

ಕಾದ ಕಬ್ಬಿಣದ ಮೇಲೆ ಹಬೆ ಹಾಯಿಸುವ ಕ್ರಿಯೆ. ಬಲಗಡೆ ಮೂರು ಹುಣಸೆಬೀಜ, ನಾಲ್ಕು ಕಡಲೆಬೀಜದ ದೊಡ್ಡ ಅಣು. ಅಲ್ಲಿಂದಲೇ ಶುರು ಮಾಡಿ ಅಂತ ನನ್ನ ಅನುಭವ, ಹೆಚ್ಚು ಕಾಳು ಹಿಡಿದಿರುವವನನ್ನು ಮೊದಲು ವಿಚಾರಿಸಿಕೊಳ್ಳಬೇಕು. ಕಬ್ಬಿಣ 3, ನೀರು 4, ಕೊನೆಗೆ ಜಲಜನಕ 4 ಜೋಡಿ. ಹತ್ತು ನಿಮಿಷ ಹಿಡಿಯಿತು, ಯಾಕೆಂದರೆ ಒಂದು ಬೀಜ ಎಷ್ಟು ಎಣಿಸಿದರೂ ಕಮ್ಮಿ ಬರುತ್ತಿತ್ತು. ನೋಡಿದರೆ ಅವಳ ತಮ್ಮ ಏನೋ ಜಗಿಯುತ್ತಿದ್ದ. ಫ್ರೆಂಚ್ ರಸಾಯನ ವಿಜ್ಞಾನಿ ಲವಾಸಿಯೆ ಪಾತ್ರೆಯ ಬಾಯಿ ಮುಚ್ಚಿ ತೂಗುತ್ತಿದ್ದದ್ದು ಸುಮ್ಮನೆ ಅಲ್ಲ.

ಮೂರು ಬೀಜದ ಕಾಯಿಯೊಂದು ಸಿಕ್ಕಿತು. ಓಝೋನ್ (ಮೂರು ಪರಮಾಣುಗಳ ಆಮ್ಲಜನಕ) ಅಂತ ಬೇರೆ ಎತ್ತಿಟ್ಟಿದ್ದೇವೆ.

ಮೂರನೆಯದು

ಅಡುಗೆ ಅನಿಲ ಉರಿಯುವ ಕ್ರಿಯೆ. ಅದರಲ್ಲಿ ಮುಖ್ಯವಾಗಿ ಇರುವುದು ಪ್ರೊಪೇನ್, ಬ್ಯುಟೇನ್. ಪ್ರೊಪೇನ್ ಸಲೀಸಾಗಿ ಮುಗಿಯಿತು: ಒಂದು ಅಣುವಿಗೆ 5 ಕಾಯಿ, ಆ ಕಡೆ 3 ಕಾರ್ಬನ್ ಡೈಆಕ್ಸೈಡ್, 4 ನೀರು. ಬ್ಯುಟೇನ್ ಕಾಡಿಸಿತು. 4 ಉದ್ದು, 10 ಹೆಸರುಕಾಳು. ಉದ್ದಿನ ಕುಳಿ ನಾಲ್ಕಕ್ಕೆ 8 ಬೀಜ, ನೀರಿನ ಕುಳಿ ಐದಕ್ಕೆ 5, ಒಟ್ಟು 13. ಆರು ಕಾಯಿ ಒಡೆದಾಯಿತು, ಏಳನೆಯದನ್ನೂ ಒಡೆದಳು. ಒಂದು ಬೀಜ ಒಳಗೆ ಹೋಯಿತು, ಇನ್ನೊಂದು ಅಂಗೈಯಲ್ಲೇ ಉಳಿಯಿತು.

"ಇದನ್ನೇನು ಮಾಡ್ಲಿ?"

ನಾನು ಮಾತಾಡಲಿಲ್ಲ. ಆರೂವರೆ ಅಂತ ಬರೆಯಲೇ ಅಂದಳು. ಹಾಗೆ ಬರೆಯುವವರೂ ಇದ್ದಾರೆ, ತಪ್ಪೇನಲ್ಲ, ಆದರೆ ಅರ್ಧ ಕಾಯಿ ನಮ್ಮ ಹಂಚಿನಲ್ಲಿ ನಡೆಯುವುದಿಲ್ಲ. ಕೊನೆಗೆ ಅವಳೇ ಎಲ್ಲವನ್ನೂ ಇಮ್ಮಡಿ ಮಾಡಿದಳು: ಬ್ಯುಟೇನ್ 2, ಕಾಯಿ 13, ಆ ಕಡೆ 8 ಮತ್ತು 10. ಹನ್ನೆರಡು ಕುಳಿಯ ಹಂಚು ಯಾವ ಕಡೆಗೂ ಸಾಲಲಿಲ್ಲ, ಸೋಡಾ ಬಾಟಲಿಯ ಮುಚ್ಚಳ ಜೋಡಿಸಿದೆವು. ಎರಡೂ ಕಡೆ ಎಣಿಸಿದರೆ 54, 54.

ಆಮ್ಲಜನಕವನ್ನು ಕೊನೆಗೆ ಇಟ್ಟುಕೊಂಡಿದ್ದೇ ಇಲ್ಲಿ ಕೈಹಿಡಿದದ್ದು. ಅದು ಒಂಟಿಯಾಗಿ ಬೇರೆ ಕುಳಿಯಲ್ಲಿರುವುದರಿಂದ ಎಷ್ಟು ಏರಿಸಿದರೂ ಉಳಿದವರ ಲೆಕ್ಕ ಕೆಡುವುದಿಲ್ಲ. ಅದನ್ನೇ ಮೊದಲು ಹಿಡಿದ ದಿನ ನಾವಿಬ್ಬರೂ ಸುತ್ತಿದ್ದೇ ಸುತ್ತಿದ್ದು.

ನಾಲ್ಕನೆಯದು

ಲೆಡ್ ನೈಟ್ರೇಟ್ ಕಾಯಿಸಿದರೆ ಕಂದು ಹೊಗೆ ಏಳುವ ಕ್ರಿಯೆ. ಸೀಸಕ್ಕೆ ಅಲಸಂದೆ, ಸಾರಜನಕಕ್ಕೆ ಬಟಾಣಿ. ಕುಳಿಯಲ್ಲಿ ಒಂದು ಅಲಸಂದೆ, ಎರಡು ಬಟಾಣಿ, 6 ಕಡಲೆಬೀಜ. ಲೆಡ್ ಆಕ್ಸೈಡಿಗೆ ಒಂದು ಬೀಜ ಹೋಯಿತು, ಎರಡು ನೈಟ್ರೋಜನ್ ಡೈಆಕ್ಸೈಡಿಗೆ ನಾಲ್ಕು. ಮಿಕ್ಕಿದ್ದು ಒಂದು. ಆಮ್ಲಜನಕ ಹೊರಗೆ ಹೊರಡಬೇಕಾದರೂ ಜೋಡಿಯಾಗಿಯೇ ಹೊರಡಬೇಕು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಡಬ್ಬಿಗೆ ಕೈ ಹಾಕಿ ಇನ್ನೊಂದು ಅಲಸಂದೆ ತೆಗೆದಿದ್ದಳು. ಲೆಡ್ ನೈಟ್ರೇಟ್ 2, ಆ ಕಡೆ ಲೆಡ್ ಆಕ್ಸೈಡ್ 2, ನೈಟ್ರೋಜನ್ ಡೈಆಕ್ಸೈಡ್ 4, ಆಮ್ಲಜನಕ 1. ಒಂಟಿ ಬೀಜಗಳೆರಡನ್ನು ಒಡೆದ ಸಿಪ್ಪೆಯೊಳಗೆ ಕೂರಿಸಿ ಮುಚ್ಚಿ, ಸೌಟಿನ ಆಚೆ ಇಟ್ಟಳು.

ಮುಂದೆ ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ. ಆಮ್ಲದ್ದೇ 16 ಅಣು ಬೇಕು, ಅಷ್ಟು ಮುಚ್ಚಳ ಇದೆ. ಹಂಚು ಮಾತ್ರ ಪಕ್ಕದ ಮನೆಯವರು ವಾಪಸ್ ಕೇಳಿದ್ದಾರೆ.