ಮಲಿಂದಿಯ ಬಿಳಿ ಕಂಬ

ಕೀನ್ಯಾದ ಮಲಿಂದಿಯಲ್ಲಿ ವಾಸ್ಕೋ ಡ ಗಾಮನ ಕಂಬ ನೋಡಿ ಬಂದೆ. ಇಷ್ಟೇನಾ ಅನ್ನಿಸಿತು ಮೊದಲು. ಸಮುದ್ರಕ್ಕೆ ಚಾಚಿದ ಬಂಡೆಯ ತುದಿ, ಸುಣ್ಣ ಬಳಿದ ಕಂಬ, ಮೇಲೆ ಪೋರ್ಚುಗಲ್‌ನಿಂದ ತಂದ ಕಲ್ಲಿನ ಪುಟ್ಟ ಶಿಲುಬೆ. ಗಾಳಿಗೆ ಟೋಪಿ ಹಿಡಿದುಕೊಳ್ಳುವುದೇ ಜಾಸ್ತಿ ಕೆಲಸವಾಯಿತು.

1498ರ ಏಪ್ರಿಲ್‌ನಲ್ಲಿ ಗಾಮ ಇಲ್ಲಿಗೆ ಬಂದಿದ್ದು ಮೊಂಬಾಸಾದಲ್ಲಿ ಜಗಳವಾಡಿಕೊಂಡು. ಮೊಂಬಾಸಾ ಅಂದರೆ ಮೊದಲೇ ಆಗದಿದ್ದ ಇಲ್ಲಿನ ಸುಲ್ತಾನ ಅವನನ್ನು ಚೆನ್ನಾಗಿ ಉಪಚರಿಸಿ, ಕಡಲ ದಾರಿ ಬಲ್ಲ ನಾವಿಕನೊಬ್ಬನನ್ನೂ ಜೊತೆಗೆ ಕಳಿಸಿದ, ಆಮೇಲೆ ಮೂರು ವಾರ ಚಿಲ್ಲರೆಯಲ್ಲಿ ಕೇರಳದ ತೀರ ಕಂಡಿತು. ದಾರಿ ಗೊತ್ತಿದ್ದದ್ದು ಆ ನಾವಿಕನಿಗೆ, ಕಂಬ ಮಾತ್ರ ಗಾಮನ ಹೆಸರಲ್ಲಿ. ಹೀಗೇ ಅಲ್ವಾ!

ವಾಪಸ್ ಹೋಗುವಾಗ ಅವನು ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲೂ ತಂಗಿದ್ದ. ಅದೀಗ ನೌಕಾಪಡೆಯ ವಶದಲ್ಲಿದೆ, ಸುಮ್ನೆ ನೋಡಿ ಬರೋಣ ಅಂದರೂ ಬಿಡುವುದಿಲ್ಲ. ಮಲಿಂದಿಗೇ ಬರುವುದು ಸುಲಭ!