ಕೋಣೆ ವರಮಾನದ ಮೇಲಿನ ರಾಯಲ್ಟಿ ಮತ್ತು ಕಕ್ಕಡದ ಮಳೆ

ಮಡಿಕೇರಿಯ ಹೊರವಲಯದಲ್ಲಿ ಮೂವತ್ತು ಕೋಣೆಗಳ ಹೋಟೆಲ್ ನಡೆಸುವ ನನ್ನ ಬಂಧುವೊಬ್ಬರು ಹೆಸರಾಂತ ಬ್ರ್ಯಾಂಡೊಂದರ ಫಲಕ ಹಾಕಿಸಿಕೊಳ್ಳಲು ಹೊರಟಾಗ, ಒಪ್ಪಂದದ ಕರಡನ್ನು ಓದಿ ಲೆಕ್ಕ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಸಂಜೆ ಕುಳಿತು ಓದಿದ ಮೇಲೆ, ಶುಲ್ಕ ಶೇಕಡಾ ಎಷ್ಟು ಎಂಬುದಕ್ಕಿಂತ ಯಾವ ಮೊತ್ತದ ಮೇಲೆ ಎಂಬುದೇ ಹೆಚ್ಚು ಮುಖ್ಯವೆಂದು ನನಗೆ ಮನದಟ್ಟಾಯಿತು.

ಸಹಿ ಹಾಕುವಾಗ ಕೊಡುವ ಆರಂಭಿಕ ಶುಲ್ಕವು ಸಾಮಾನ್ಯವಾಗಿ ಕೋಣೆಗಳ ಸಂಖ್ಯೆಗೆ ತಕ್ಕಂತೆ ಇರುತ್ತದೆ. ಅದು ಒಂದು ಸಲದ ಖರ್ಚು. ಆಮೇಲೆ ಪ್ರತಿ ತಿಂಗಳೂ ಕೋಣೆ ವರಮಾನದ ಮೇಲೆ ರಾಯಲ್ಟಿ (ಬ್ರ್ಯಾಂಡಿನ ಹೆಸರು ಬಳಸುವುದಕ್ಕೆ ಕೊಡುವ ಪಾಲು), ಜಾಹೀರಾತು ನಿಧಿಗೆ ಪ್ರತ್ಯೇಕ ವಂತಿಗೆ, ಬುಕಿಂಗ್ ವ್ಯವಸ್ಥೆ ಮತ್ತು ಸಾಫ್ಟ್‌ವೇರ್ ಶುಲ್ಕ, ಬ್ರ್ಯಾಂಡಿನ ಸದಸ್ಯರು ಬಂದು ತಂಗಿದರೆ ಅವರ ಬಿಲ್ಲಿನ ಮೇಲೆ ಮತ್ತೊಂದು ಪಾಲು ಸಲ್ಲಬೇಕು. ರಾಯಲ್ಟಿ ಈ ಉದ್ಯಮದಲ್ಲಿ ಸಾಮಾನ್ಯವಾಗಿ ಶೇ 4ರಿಂದ 6ರ ಆಸುಪಾಸಿನಲ್ಲಿರುತ್ತದೆ.

ಒಂದು ರಾತ್ರಿಯ ಲೆಕ್ಕವನ್ನೇ ನೋಡೋಣ. 4,000 ರೂಪಾಯಿಯ ಕೋಣೆಯನ್ನು ಅತಿಥಿ ಬುಕಿಂಗ್ ಜಾಲತಾಣದ ಮೂಲಕ ಕಾಯ್ದಿರಿಸಿದ್ದಾನೆ ಎಂದುಕೊಳ್ಳಿ. ಶೇ 18 ಕಮಿಷನ್ ಎಂದರೆ 720 ರೂಪಾಯಿ ಅಲ್ಲೇ ಕಡಿತವಾಗುತ್ತದೆ. ಆದರೆ ಬ್ರ್ಯಾಂಡ್ ತನ್ನ ಪಾಲನ್ನು ಉಳಿದ 3,280ರ ಮೇಲೆ ಕೇಳುವುದಿಲ್ಲ, ಪೂರ್ತಿ 4,000ದ ಮೇಲೆ ಕೇಳುತ್ತದೆ. ರಾಯಲ್ಟಿ ಶೇ 5, ಜಾಹೀರಾತು ಶೇ 2 ಎಂದು ಹಿಡಿದರೆ 280 ರೂಪಾಯಿ. ಕಮಿಷನ್ ಮತ್ತು ಶುಲ್ಕ ಎರಡರ ಮೇಲೂ ಶೇ 18 ಜಿಎಸ್‌ಟಿ ಸೇರಿದರೆ ಇನ್ನೂ 180. ಕೈಗೆ ಉಳಿಯುವುದು 2,820. ಸಂಬಳ, ವಿದ್ಯುತ್, ಬಟ್ಟೆ ಒಗೆತ, ಸಾಲದ ಕಂತು ಎಲ್ಲವೂ ಇದರಿಂದಲೇ ಹೊರಡಬೇಕು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗಳಿಗೆ ಜಿಎಸ್‌ಟಿ ಶೇ 5ಕ್ಕೆ ಇಳಿದಿರುವುದು ಅತಿಥಿಗೆ ಒಳ್ಳೆಯದಾಯಿತು, ಆದರೆ ಅದರೊಂದಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಹೋಟೆಲ್ ತನ್ನ ಖರ್ಚುಗಳ ಮೇಲೆ ಕೊಟ್ಟ ಜಿಎಸ್‌ಟಿಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಹೋಯಿತು. ಹಾಗಾಗಿ ಆ 180 ರೂಪಾಯಿ ಈಗ ಮಾಲೀಕನಿಗೆ ನೇರ ಖರ್ಚು.

ಕೊಡಗಿನಲ್ಲಿ ಇದು ಇನ್ನಷ್ಟು ಬಾಧಿಸುವುದಕ್ಕೆ ಕಾರಣವಿದೆ. ಡಿಸೆಂಬರ್‌ನ ಶನಿವಾರಗಳಂದು ಬೆಂಗಳೂರಿನವರು ಯಾವ ಫಲಕವಿದ್ದರೂ ಬರುತ್ತಾರೆ. ಅವರ ಬಿಲ್ಲಿನಿಂದಲೂ ರಾಯಲ್ಟಿ ಹೋಗುತ್ತದೆ. ಬ್ರ್ಯಾಂಡಿನ ಬೆಲೆ ತಿಳಿಯಬೇಕಾದುದು ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವರ ಮಳೆಗಾಲದ ತಿಂಗಳು) ಜಡಿಮಳೆಯ ಮಂಗಳವಾರ, ಮೂವತ್ತರಲ್ಲಿ ಇಪ್ಪತ್ತಾರು ಬೀಗದ ಕೈಗಳು ಕೌಂಟರ್ ಹಿಂದಿನ ಹಲಗೆಯಲ್ಲೇ ತೂಗಾಡುತ್ತಿರುವಾಗ. ಅಂದು ಬ್ರ್ಯಾಂಡಿನ ವ್ಯವಸ್ಥೆಯೇ ನಾಲ್ಕು ಅತಿಥಿಗಳನ್ನು ಹೆಚ್ಚು ತಂದುಕೊಟ್ಟರೆ ಶುಲ್ಕ ನ್ಯಾಯವಾದದ್ದೆಂದು ನಾನೂ ಒಪ್ಪುತ್ತೇನೆ. ಶೇಕಡಾವಾರು ಶುಲ್ಕ ವರಮಾನದ ಜತೆ ಇಳಿಯುತ್ತದೆ, ನಿಜ. ಆದರೆ ಕರಡಿನಲ್ಲಿದ್ದ ಕೋಣೆಗಿಷ್ಟೆಂಬ ಸಾಫ್ಟ್‌ವೇರ್ ಶುಲ್ಕ ಮತ್ತು ತಿಂಗಳ ಕನಿಷ್ಠ ಮೊತ್ತ ಮಳೆಯನ್ನು ಲೆಕ್ಕಿಸುವುದಿಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಪ್ರವಾಸಿಗರ ಪ್ರವೇಶವನ್ನೇ ಜಿಲ್ಲಾಡಳಿತ ತಡೆದಿದ್ದನ್ನು ಇಲ್ಲಿನ ಹೋಟೆಲಿನವರಾರೂ ಮರೆತಿಲ್ಲ. ಅಂಥ ದಿನಗಳ ಬಗ್ಗೆ ಕರಡಿನಲ್ಲಿ ಒಂದು ಸಾಲೂ ಇರಲಿಲ್ಲ. ಅವಧಿಗೆ ಮುನ್ನ ಒಪ್ಪಂದದಿಂದ ಹೊರಬಂದರೆ ಹಿಂದಿನ ತಿಂಗಳುಗಳ ಸರಾಸರಿ ಶುಲ್ಕವನ್ನು ಹಲವು ಪಟ್ಟು ಮಾಡಿ ಪರಿಹಾರವಾಗಿ ಕಟ್ಟಬೇಕೆಂಬುದು ಮಾತ್ರ ಸ್ಪಷ್ಟವಾಗಿತ್ತು.

ಸರ್ಕಾರಿ ಆದೇಶದಿಂದ ಹೋಟೆಲ್ ಮುಚ್ಚಿರುವ ದಿನಗಳಿಗೆ ಕನಿಷ್ಠ ಮೊತ್ತ ಬೇಡ, ಜಾಲತಾಣದ ಕಮಿಷನ್ ಕಳೆದ ಮೇಲಿನ ವರಮಾನಕ್ಕೆ ಮಾತ್ರ ರಾಯಲ್ಟಿ ಎಂಬ ಎರಡು ಷರತ್ತುಗಳನ್ನು ಸೇರಿಸುವಂತೆ ಪತ್ರ ಬರೆದುಕೊಟ್ಟಿದ್ದೇನೆ. ಉತ್ತರ ಬರುವವರೆಗೆ ಹಳೆಯ ಫಲಕವೇ ಇರಲೆಂದು ಬಂಧುಗಳು ತೀರ್ಮಾನಿಸಿದ್ದಾರೆ.