ಹುಣಸೆ ಬೀಜ, ಲಗ್ನಪತ್ರಿಕೆ ಮತ್ತು ಇಂಗ್ಲಿಷ್ ಪೀರಿಯಡ್

ಐದನೇ ತರಗತಿಯ ಕೊಠಡಿಯ ಗೋಡೆಗೂಡಿನಲ್ಲಿ ಒಂದು ಗಾಜಿನ ಬಾಟಲಿ ಇರುತ್ತಿತ್ತು, ಅದರ ತುಂಬ ಹುಣಸೆ ಬೀಜ. ಪಕ್ಕದಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ. ಅದರಲ್ಲಿ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಕಾರ್ಡುಗಳು. ಇಂಗ್ಲಿಷ್ ಕಲಿಸಲು ನಮ್ಮ ಶಾಲೆಯಲ್ಲಿದ್ದ ಸಾಮಗ್ರಿ ಹೆಚ್ಚುಕಡಿಮೆ ಇಷ್ಟೇ. ಆಗ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೇ ತರಗತಿಯಲ್ಲಿ. ಒಂದನೇ ತರಗತಿಗೆ ಅದು ಬಂದದ್ದು 2007-08ರಲ್ಲಿ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಮೊದಲು ನೆನಪಾದದ್ದು ನಮ್ಮ ಟೀಚರ್ ಪಾಠ ಮಾಡುತ್ತಿದ್ದ ಕ್ರಮ. ಈಗ ಅದೇ ಕೊಠಡಿಯಲ್ಲಿ ಅದೇ ಕೆಲಸ ಮಾಡುತ್ತಿರುವವರಿಗೆ ಉಪಯೋಗಕ್ಕೆ ಬರಲಿ ಎಂದು ಅದನ್ನೇ ಬರೆಯುತ್ತಿದ್ದೇನೆ.

ಅವರ ಪಾಠದ ತಳಹದಿ ಒಂದೇ: ಕನ್ನಡ ಚೆನ್ನಾಗಿ ಬಲ್ಲ ಮಗುವಿಗೆ ಇಂಗ್ಲಿಷ್ ಎಲ್ಲಿ ತೊಡಕಾಗುತ್ತದೆ ಎಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು. ತೊಡಕಿಲ್ಲದ ಕಡೆ ಅವರು ಹೊತ್ತು ಕಳೆಯುತ್ತಿರಲಿಲ್ಲ.

ಮೊದಲ ಮೂರು ವಾರ ಪುಸ್ತಕ ತೆರೆಯುವಂತಿರಲಿಲ್ಲ. ಬರೀ ಅಪ್ಪಣೆಗಳು. ‘ಸ್ಟ್ಯಾಂಡ್ ಅಪ್’, ‘ಗೋ ಟು ದ ಡೋರ್’, ‘ಟಚ್ ದ ವಾಲ್’. ಮೊದಲ ದಿನ ಟೀಚರ್ ಹೇಳುತ್ತ ತಾವೇ ಮಾಡಿ ತೋರಿಸುತ್ತಿದ್ದರು. ಎರಡನೇ ದಿನ ಅವರ ಜೊತೆ ಮಕ್ಕಳು. ಮೂರನೇ ದಿನ ಅವರು ಕೈಕಟ್ಟಿ ನಿಂತು, ಬರೀ ಬಾಯಲ್ಲಿ ಹೇಳುತ್ತಿದ್ದರು. ಕೈಕಟ್ಟುವುದು ಮುಖ್ಯ; ಇಲ್ಲದಿದ್ದರೆ ಮಕ್ಕಳು ಕಿವಿ ಬಿಟ್ಟು ಟೀಚರ ಕೈಯನ್ನೇ ನೋಡುತ್ತಾರೆ. ಈ ಮೂರು ವಾರ ಯಾವ ಮಗುವೂ ಇಂಗ್ಲಿಷ್ ಮಾತಾಡಲೇಬೇಕೆಂದಿರಲಿಲ್ಲ. ಕನ್ನಡದಲ್ಲಿ ‘ಬಾಗಿಲ ಹತ್ತಿರ ಹೋಗು’ ಎಂದಾಗ ಮಾಡಬೇಕಾದ ಕೆಲಸ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಮೊದಲ ಪದ. ಮೊದಲ ಪದಕ್ಕೇ ಮೈ ಎಚ್ಚರವಾಗುವ ಅಭ್ಯಾಸ ಹೀಗೆ ಆಟದಲ್ಲೇ ಬರುತ್ತಿತ್ತು. ವ್ಯಾಕರಣದ ಮಾತು ಒಂದೂ ಇಲ್ಲ.

ಆಮೇಲೆ ಬೀಜಗಳು. ‘ಕಪ್’ ಎಂಬ ಪದವನ್ನು ಬಿಡಿಸಿ ಹೇಳು, ಒಂದೊಂದು ಸದ್ದಿಗೂ ಒಂದೊಂದು ಬೀಜ ಮುಂದೆ ತಳ್ಳು ಎಂದರೆ ಕನ್ನಡದ ಮಗು ಎರಡೇ ಬೀಜ ತಳ್ಳುತ್ತದೆ: ಕ, ಪ್. ಅದು ದಡ್ಡತನವಲ್ಲ. ನಮ್ಮ ಲಿಪಿಯಲ್ಲಿ ‘ಕ’ ಒಂದೇ ಅಕ್ಷರ. ಸ್ವರ ಅದರ ಹೊಟ್ಟೆಯಲ್ಲೇ ಇದೆ. ಇಂಗ್ಲಿಷಿನಲ್ಲಿ ಆ ಸ್ವರಕ್ಕೆ ಬೇರೆ ಅಕ್ಷರವೇ ಬೇಕು. ಅದನ್ನು ಕಿವಿ ಹಿಡಿಯದಿದ್ದರೆ ಮಗು ನಡುವಿನ ‘ಯು’ ಬಿಟ್ಟು ‘ಸಿ, ಪಿ’ ಎಂದಷ್ಟೇ ಬರೆಯುತ್ತದೆ. ಟೀಚರ್ ಆಗ ಕಾಗುಣಿತವನ್ನು ಮತ್ತೆ ಬೋರ್ಡಿಗೆ ತರುತ್ತಿದ್ದರು. ಕ್ ಮತ್ತು ಅ ಸೇರಿ ಕ, ಕ್ ಮತ್ತು ಇ ಸೇರಿ ಕಿ. ‘ಕ’ಗೆ ಎರಡು ಬೀಜ, ‘ಪ್’ಗೆ ಒಂದು, ಒಟ್ಟು ಮೂರು. ಎರಡನೇ ತರಗತಿಯಲ್ಲಿ ಕಂಠಪಾಠ ಮಾಡಿದ ಕಾಗುಣಿತ ಇಂಗ್ಲಿಷ್ ಓದಿಗೆ ಮೆಟ್ಟಿಲಾಗುತ್ತಿದ್ದ ಗಳಿಗೆ ಅದು. ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಇದಕ್ಕಿಂತ ಬೆಲೆಬಾಳುವ ಭಾಗ ಇನ್ನೊಂದಿಲ್ಲ.

ಬೀಜ ಸರಿಯಾಗಿ ಬಿದ್ದ ಮೇಲೆ ಪ್ರತಿ ಬೀಜದ ಜಾಗದಲ್ಲಿ ಒಂದು ಅಕ್ಷರದ ಕಾರ್ಡು. ವ್ಯಂಜನ ಕಪ್ಪು ಶಾಯಿ, ಸ್ವರ ಕೆಂಪು ಶಾಯಿ. ಕೆಂಪು ಕಾರ್ಡಿಲ್ಲದ ಪದ ಕಂಡರೆ ಏನೋ ಬಿಟ್ಟುಹೋಗಿದೆ ಎಂದು ಮಕ್ಕಳೇ ಹೇಳುತ್ತಿದ್ದರು. ‘ಶಿಪ್’ಗೆ ಬೀಜ ಮೂರು, ಅಕ್ಷರ ನಾಲ್ಕು, ಎಸ್ ಮತ್ತು ಹೆಚ್ ಕಾರ್ಡುಗಳನ್ನು ಅಂಟಿಸಿ ಒಂದೇ ಬೀಜದ ಮೇಲೆ ಇಡುತ್ತಿದ್ದರು. ‘ಬಾಕ್ಸ್’ ಇದಕ್ಕೆ ತಿರುಗುಮುರುಗು: ಬೀಜ ನಾಲ್ಕು, ಅಕ್ಷರ ಮೂರೇ, ಏಕೆಂದರೆ ಎಕ್ಸ್ ಒಂದೇ ಅಕ್ಷರದಲ್ಲಿ ಕ್ ಮತ್ತು ಸ್ ಎರಡೂ ಇವೆ. ಇಪ್ಪತ್ತಾರು ಅಕ್ಷರಗಳು ಸುಮಾರು ನಲವತ್ತನಾಲ್ಕು ಸದ್ದುಗಳ ಭಾರ ಹೊರಬೇಕಾದ ಭಾಷೆ ಅದು. ಬೀಜದ ಲೆಕ್ಕ ಇಟ್ಟ ಮಗುವಿಗೆ ಇದು ಅನ್ಯಾಯ ಅನ್ನಿಸುವುದಿಲ್ಲ, ಕುತೂಹಲ ಅನ್ನಿಸುತ್ತದೆ.

ಅಕ್ಷರಗಳನ್ನು ಎ, ಬಿ, ಸಿ, ಡಿ ಸಾಲಿನಲ್ಲಿ ಕಲಿಸಲಿಲ್ಲ. ಮೊದಲ ಕಂತು ಎಸ್, ಎ, ಟಿ, ಪಿ, ಐ, ಎನ್. ಈ ಆರರಿಂದಲೇ ಸ್ಯಾಟ್, ಪಿನ್, ಟಿನ್, ಟ್ಯಾಪ್, ಪ್ಯಾನ್, ನಿಪ್ ಹೀಗೆ ಹತ್ತಾರು ಪದ ಕಟ್ಟಬಹುದು; ಅಕ್ಷರ ಶುರುವಾದ ಎರಡನೇ ವಾರಕ್ಕೇ ಮಗು ‘ಓದಿದೆ’ ಎಂಬ ಖುಷಿ. ಅಕ್ಷರದ ಹೆಸರಲ್ಲ, ಸದ್ದು ಹೇಳಬೇಕು. ‘ಸಿ-ಎ-ಟಿ’ ಎಂದು ಎಷ್ಟು ಸಲ ಕೂಗಿದರೂ ಅದರಿಂದ ‘ಕ್ಯಾಟ್’ ಹೊರಡುವುದಿಲ್ಲ. ‘ಡಬ್ಲ್ಯೂ’ ಎಂಬ ಹೆಸರಿನಲ್ಲಿ ಅದರ ಸದ್ದಿನ ಸುಳಿವೂ ಇಲ್ಲ. ಸದ್ದು ಹೇಳುವಾಗಲೂ ಒಂದು ಎಚ್ಚರಿಕೆ ಬೇಕು: ‘ಪ’ ಅಲ್ಲ, ‘ಪ್’. ಅರ್ಧಾಕ್ಷರ ಹೇಳುವುದು ಕನ್ನಡದ ಮಗುವಿಗೆ ಗೊತ್ತಿರುವ ವಿದ್ಯೆಯೇ, ನೆನಪಿಸಿದರೆ ಸಾಕು. ಕೂಡಿಸಿ ಓದುವುದನ್ನು ಸ್, ಮ್, ನ್ ಇವುಗಳಿಂದ ಆರಂಭಿಸಬೇಕು, ಯಾಕೆಂದರೆ ಇವನ್ನು ಎಳೆಯಬಹುದು. ‘ಸ್ಸ್ಸ್ಯಾಟ್’ ಎಂದು ಜಾರಿಕೊಂಡು ಹೋಗಬಹುದು. ಪ್, ಟ್ ಎಳೆಯಲು ಬರುವುದಿಲ್ಲ, ತುಂಡಾಗುತ್ತವೆ.

ಪದದ ಕೊನೆಯ ‘ಇ’ ಅಕ್ಷರದ ಪಾಠಕ್ಕೂ ಕನ್ನಡವೇ ನೆರವು. ಕನ್ನಡದಲ್ಲಿ ದೀರ್ಘದ ಗುರುತು ಆ ಅಕ್ಷರಕ್ಕೇ ಅಂಟಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಅಂಥ ಗುರುತು ಒಂದು ಅಕ್ಷರ ದಾಟಿ ಕೊನೆಯಲ್ಲಿ ಸುಮ್ಮನೆ ಕೂರುತ್ತದೆ ಎಂದು ಟೀಚರ್ ಹೇಳುತ್ತಿದ್ದರು. ಟ್ಯಾಪ್ ಹೋಗಿ ಟೇಪ್, ಪಿನ್ ಹೋಗಿ ಪೈನ್, ಕಟ್ ಹೋಗಿ ಕ್ಯೂಟ್. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ ಎಂಬುದನ್ನೂ ಅವರು ಅಲ್ಲೇ ತೋರಿಸುತ್ತಿದ್ದರು: ಸ್ವರ ಬರೀ ಉದ್ದವಾಗುವುದಿಲ್ಲ, ಬೇರೆಯೇ ಆಗುತ್ತದೆ.

ಪಠ್ಯಪುಸ್ತಕದ ಇಂಗ್ಲಿಷ್ ಪದಗಳ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಉಚ್ಚಾರ ಬರೆದುಕೊಳ್ಳುವುದನ್ನು ಅವರು ಕಟ್ಟುನಿಟ್ಟಾಗಿ ತಡೆಯುತ್ತಿದ್ದರು. ಈಗಲೂ ಎಷ್ಟೋ ಶಾಲೆಗಳಲ್ಲಿ ಈ ರೂಢಿ ಇದೆ. ಹಾಗೆ ಬರೆದುಕೊಂಡ ಮಗು ಓದುವುದು ಕನ್ನಡವನ್ನು. ಕಣ್ಣು ಕೆಳಗಿನ ಸಾಲಿಗೆ ಇಳಿಯುವುದೇ ಇಲ್ಲ. ವರ್ಷವಿಡೀ ಗಡಗಡ ಓದಿದ ಮಗು ಹೊಸ ಪುಟ ಕೊಟ್ಟರೆ ನಿಂತುಬಿಡುತ್ತದೆ. ಎಲ್ಲರೂ ಒಟ್ಟಾಗಿ ಕೂಗಿ ಓದುವುದರಲ್ಲೂ ಇದೇ ಮೋಸ. ಅದಕ್ಕೇ ಟೀಚರ್ ದಿನಕ್ಕೆ ಆರು ಮಕ್ಕಳನ್ನು ಮೇಜಿನ ಬಳಿ ಕರೆದು, ಪದದ ಕೆಳಗೆ ಬೆರಳಿಟ್ಟು, ಸಾಲಿನ ಕೊನೆಯಿಂದ ಹಿಂದಕ್ಕೆ ನಾಲ್ಕು ಪದ ಓದಿಸುತ್ತಿದ್ದರು. ಬಾಯಿಪಾಠವಾದದ್ದು ಹಿಂದಿನಿಂದ ಬರುವುದಿಲ್ಲ. ನಲವತ್ತೆರಡು ಮಕ್ಕಳ ತರಗತಿ ಏಳು ದಿನದಲ್ಲಿ ಒಂದು ಸುತ್ತು ಮುಗಿಯುತ್ತಿತ್ತು.

ಉಚ್ಚಾರದ ವಿಷಯದಲ್ಲಿ ಅವರು ಯಾರ ಮಾತನ್ನೂ ಹಳಿದವರಲ್ಲ. ನಮ್ಮ ಮಾತಿನಲ್ಲಿ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ, ಹಾಗಾಗಿ ಬಸ್ಸು, ಪೆನ್ನು, ಬುಕ್ಕು. ‘ಮನೆಯಲ್ಲಿ ಬಸ್ಸು, ಇಲ್ಲಿ ಬಸ್’ ಎನ್ನುತ್ತ ಕೊನೆಯ ಸದ್ದಿಗೆ ಮುಷ್ಟಿ ಮುಚ್ಚುತ್ತಿದ್ದರು. ಮಕ್ಕಳೂ ಮುಷ್ಟಿ ಮುಚ್ಚುತ್ತಿದ್ದರು. ‘ಎಗ್’ ‘ಯೆಗ್’ ಆಗದಂತೆ, ‘ಓಲ್ಡ್’ ‘ವೋಲ್ಡ್’ ಆಗದಂತೆ ಬಾಯಿ ತೆರೆದಿಟ್ಟೇ ಪದ ಶುರುಮಾಡುವ ಅಭ್ಯಾಸ. ಎಫ್ ಸದ್ದಿಗೆ ಕನ್ನಡಿ: ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ‘ವಿ’ಗೂ ಹಾಗೆಯೇ, ‘ಡಬ್ಲ್ಯೂ’ಗೆ ಹಲ್ಲು ತಾಗಬಾರದು, ತುಟಿ ದುಂಡಗಾಗಬೇಕು. ಎರಡಕ್ಕೂ ನಮ್ಮಲ್ಲಿ ಒಂದೇ ‘ವ’ ಇರುವುದರಿಂದ ಈ ವ್ಯತ್ಯಾಸ ಕಿವಿಗೆ ಬೀಳುವುದು ಕಷ್ಟ, ಕಣ್ಣಿಗೆ ಸುಲಭ.

ಮಾತಿಗೆ ಒಂದು ಬಟ್ಟೆ ಚೀಲ. ಎಲ್ಲರಿಗೂ ಕಾಣುವ ಸೀಮೆಸುಣ್ಣ ಹಿಡಿದು ‘ವಾಟ್ ಈಸ್ ದಿಸ್?’ ಎಂದು ಕೇಳುವುದು ಪ್ರಶ್ನೆಯೇ ಅಲ್ಲ. ಚೀಲದೊಳಗೆ ಅಡಗಿಸಿಟ್ಟ ವಸ್ತುವನ್ನು ಮುಟ್ಟಿ ‘ಈಸ್ ಇಟ್ ಎ ಕೀ?’ ಎಂದು ಕೇಳುವಾಗ ಮಗುವಿಗೆ ನಿಜವಾಗಿಯೂ ತಿಳಿಯಬೇಕಾಗಿರುತ್ತದೆ. ‘ನನ್ನ ಹೆಸರು ರವಿ’ ಎಂಬಲ್ಲಿ ಕ್ರಿಯಾಪದವೇ ಇಲ್ಲದಿರುವುದರಿಂದ ಮಕ್ಕಳು ‘ಮೈ ನೇಮ್ ರವಿ’ ಎನ್ನುತ್ತಾರೆ. ಇದಕ್ಕೆ ನಾಲ್ವರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಪದದ ಕಾರ್ಡು ಕೊಡುತ್ತಿದ್ದರು. ‘ಈಸ್’ ಹಿಡಿದ ಮಗು ಕುಳಿತರೆ ಸಾಲು ತುಂಡು. ‘ಮೇಜಿನ ಮೇಲೆ’ ಎನ್ನುವ ನಾಲಿಗೆ ‘ಟೇಬಲ್ ಆನ್’ ಎನ್ನುವುದು ಸಹಜ. ಮೊದಲು ಕೈ ಮೇಲಕ್ಕೆತ್ತಿ ‘ಆನ್’ ಎನ್ನಬೇಕು, ಆಮೇಲೆ ಮೇಜು ಮುಟ್ಟಬೇಕು. ಮಗು ಮಾತಾಡುವಾಗ ನಡುವೆ ತಡೆದು ತಿದ್ದುತ್ತಿರಲಿಲ್ಲ; ಮಾತು ಮುಗಿದ ಮೇಲೆ ಅದನ್ನೇ ಸರಿಪಡಿಸಿ ತಾವೊಮ್ಮೆ ಹೇಳುತ್ತಿದ್ದರು, ಅಷ್ಟೇ.

ಬರವಣಿಗೆಗೆ ನಾಲ್ಕು ಗೆರೆಯ ಕಾಪಿ. ಎ, ಸಿ, ಎಂ ನಡುವಿನ ಎರಡು ಗೆರೆಗಳ ಒಳಗೆ. ಬಿ, ಡಿ, ಎಲ್ ಮೇಲಿನ ಗೆರೆ ಮುಟ್ಟಬೇಕು. ಜಿ, ಪಿ, ವೈ ಬಾಲ ಕೆಳಗಿನ ಗೆರೆಗೆ ಇಳಿಯಬೇಕು. ಕೈ ತಿರುಗುವ ರೀತಿಯ ಪ್ರಕಾರ ಗುಂಪು ಮಾಡಿ ಕಲಿಸುತ್ತಿದ್ದರು. ಸಿ ತಿರುವಿನಿಂದ ಹುಟ್ಟುವ ಎ, ಡಿ, ಜಿ, ಒ, ಕ್ಯೂ ಒಂದು ಗುಂಪು. ಕಡ್ಡಿ ಇಳಿಸಿ ಹಿಂದಕ್ಕೆ ಹತ್ತುವ ಆರ್, ಎನ್, ಎಂ, ಹೆಚ್, ಬಿ ಇನ್ನೊಂದು. ಇದರಿಂದ ಬಿ-ಡಿ ಗೊಂದಲ ಅರ್ಧ ಕಡಿಮೆ: ಡಿಗೆ ಮೊದಲು ಹೊಟ್ಟೆ ಆಮೇಲೆ ಕಡ್ಡಿ, ಬಿಗೆ ಮೊದಲು ಕಡ್ಡಿ ಆಮೇಲೆ ಹೊಟ್ಟೆ. ಎರಡನ್ನೂ ಒಂದೇ ವಾರ ಕಲಿಸಿದರೆ ಮಾತ್ರ ಕೆಡುತ್ತದೆ. ಪದಗಳ ನಡುವೆ ಎಡಗೈಯ ತೋರುಬೆರಳಿನಷ್ಟು ಜಾಗ.

ಉಕ್ತಲೇಖನ ದಿನಕ್ಕೆ ಐದು ಪದ, ಒಂದು ವಾಕ್ಯ. ತಿದ್ದುವಾಗ ಪೂರ್ತಿ ಪದಕ್ಕೆ ತಪ್ಪು ಗುರುತು ಹಾಕದೆ, ತಪ್ಪಿದ ಅಕ್ಷರದ ಕೆಳಗೆ ಮಾತ್ರ ಗೆರೆ. ಅಂಚಿನಲ್ಲಿ ‘ಕಿ’ ಅಥವಾ ‘ಕ’, ಅಂದರೆ ಕಿವಿ ಅಥವಾ ಕಣ್ಣು. ‘ಪೆನ್’ ಎಂದದ್ದಕ್ಕೆ ನಡುವೆ ಎ ಬರೆದರೆ ಅದು ಕಿವಿಯ ತಪ್ಪು. ಮತ್ತೆ ಬೀಜಕ್ಕೆ ಹೋಗಬೇಕು. ‘ಸೆಡ್’ ಎಂಬುದಕ್ಕೆ ಎಸ್, ಇ, ಡಿ ಎಂದು ಬರೆದರೆ ಕಿವಿ ಸರಿಯಾಗಿಯೇ ಕೇಳಿದೆ, ಕಣ್ಣು ಆ ಪದವನ್ನು ಸಾಕಷ್ಟು ಸಲ ನೋಡಿಲ್ಲ, ಅದಕ್ಕೆ ಕಾರ್ಡು. ಎರಡಕ್ಕೂ ‘ಹತ್ತು ಸಲ ಬರೆ’ ಎಂಬ ಒಂದೇ ಔಷಧ ಕೊಡುವುದು ಎಷ್ಟು ವ್ಯರ್ಥವೆಂದು ಈ ಎರಡು ಅಕ್ಷರಗಳನ್ನು ನೋಡಿದಾಗಲೇ ಅರ್ಥವಾಗುವುದು. ‘ದ’, ‘ವಾಸ್’, ‘ಸೆಡ್’, ‘ಒನ್’ ಮುಂತಾದ ಸದ್ದಿಗೆ ಸಿಗದ ಪದಗಳು ವಾರಕ್ಕೆ ನಾಲ್ಕು ಮಾತ್ರ.

ಏಪ್ರಿಲ್ ಹೊತ್ತಿಗೆ ಊರಿನಲ್ಲಿ ಮದುವೆಗಳ ಕಾಲ. ಮಕ್ಕಳು ಮನೆಯಿಂದ ಲಗ್ನಪತ್ರಿಕೆ ತರುತ್ತಿದ್ದರು. ಅಚ್ಚಿಲ್ಲದ ಹಿಂಬದಿಯನ್ನು ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲಕ್ಕೆ ಕತ್ತರಿಸಿ, ಪೆನ್ಸಿಲಿನಲ್ಲಿ ನಾಲ್ಕು ಗೆರೆ ಎಳೆದು, ಮುಂದಿನ ವರ್ಷದ ಐದನೇ ತರಗತಿಗೆ ಪದಗಳನ್ನು ಬರೆಯುವುದೇ ವರ್ಷದ ಕೊನೆಯ ಬರವಣಿಗೆ. ಒಬ್ಬರಿಗೆ ಆರು ಕಾರ್ಡು. ಬರೆದವರು ಪಕ್ಕದವರಿಗೆ ಕೊಟ್ಟು ಓದಿಸಬೇಕಿತ್ತು. ಪಕ್ಕದವರು ತಡವರಿಸದೆ ಓದಿದರೆ ಕಾರ್ಡು ಡಬ್ಬಿಗೆ, ತಡವರಿಸಿದರೆ ಅದು ಓದಿದವರ ತಪ್ಪೋ ಬರೆದವರ ತಪ್ಪೋ ಎಂದು ಇಬ್ಬರೂ ಕೂತು ಬೀಜ ಎಣಿಸಬೇಕಿತ್ತು.